ಮೂಳೆ ಸವೆತ: ಸಮ್ಮೇಳನ ನಗರದಲ್ಲಿ, ಮುರಿತ ತಾಲ್ಲೂಕಿನಲ್ಲಿ

ಆಸ್ಟಿಯೋಪೊರೋಸಿಸ್ ಮತ್ತಿತರ ಮೂಳೆ ಕಾಯಿಲೆಗಳ ಕುರಿತು ವೈದ್ಯರ ಸಮ್ಮೇಳನಗಳು ದೊಡ್ಡ ನಗರಗಳಲ್ಲಿ ನಡೆಯುತ್ತಲೇ ಇರುತ್ತವೆ. ಅ. 20 ಅನ್ನು ಇದಕ್ಕೆಂದೇ ವಿಶ್ವ ದಿನವಾಗಿಯೂ ಆಚರಿಸುತ್ತಾರೆ. ಡೆಕ್ಸಾ ಸ್ಕ್ಯಾನ್, ಟಿ-ಸ್ಕೋರ್, ವರ್ಷಕ್ಕೊಂದು ಇಂಜೆಕ್ಷನ್ ಅಂತ ಅಲ್ಲಿ ಚರ್ಚೆ ಸಾಗುತ್ತದೆ. ಆದರೆ ಮೂಳೆ ಮುರಿಯೋದು ಬಚ್ಚಲುಮನೆಯಲ್ಲಿ, ಕೊಟ್ಟಿಗೆಯಲ್ಲಿ, ಅಂಗಡಿ ಮೆಟ್ಟಿಲ ಮೇಲೆ. ಈ ಚರ್ಚೆಯಿಂದ ತಾಲ್ಲೂಕಿಗೆ ಬರಬೇಕಾದ ಮುಖ್ಯ ಮಾತು ಒಂದೇ: 50 ದಾಟಿದವರ ಮೊದಲ ಮುರಿತವನ್ನು ಸುಮ್ಮನೆ ಬಿಡಬಾರದು.

ಮಂಡಿನೋವಲ್ಲ ಇದು

ನಮ್ಮಲ್ಲಿ 'ಮೂಳೆ ಸವೆತ' ಅಂದರೆ ಮಂಡಿನೋವು ಅಂತಲೇ ಲೆಕ್ಕ. ಅದು ಕೀಲಿನ ಸವೆತ, ಬೇರೆ ಕಾಯಿಲೆ. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ನೋವೇ ಇರುವುದಿಲ್ಲ. ನಿಂತಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದಾಗಲೇ ಹಲವರಿಗೆ ಮೊದಲ ಸುಳಿವು ಸಿಗುತ್ತದೆ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಮುಂದಿನದು ಸೊಂಟದ ಮೂಳೆಯಾದರೆ ಮನೆಯವರೆಲ್ಲ ಹಾಸಿಗೆ ಪಕ್ಕ ಕೂರಬೇಕು. ಸೊಂಟ ಮುರಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎನ್ನುತ್ತವೆ ಅಂತರರಾಷ್ಟ್ರೀಯ ಅಂಕಿಅಂಶಗಳು.

ಆದರೂ ನಡೆಯೋದೇನು? ಪಟ್ಟಿ ಹಾಕಿಸಿ, ಆರು ವಾರ ಬಿಟ್ಟು ಬಿಚ್ಚಿಸಿ, ಅಲ್ಲಿಗೆ ಮುಗೀತು. 'ಇಷ್ಟು ಸಣ್ಣ ಪೆಟ್ಟಿಗೆ ಯಾಕೆ ಮುರೀತು?' ಅಂತ ಮನೆಯವರೂ ಕೇಳಲ್ಲ, ಎಷ್ಟೋ ಕಡೆ ವೈದ್ಯರೂ ಕೇಳಲ್ಲ.

ದುಡ್ಡು ಎಲ್ಲಿ ಹೋಗುತ್ತೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮುರಿತ ತಡೆಯುವ ಮಾತ್ರೆ, ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಯ ಖರ್ಚು ಕೈಯಿಂದಲೇ ಹೋಗಬೇಕು. 30 ದಾಟಿದವರಿಗೆ ಸರ್ಕಾರ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆ ಮಾಡುತ್ತದೆ. ಮೂಳೆಗೆ ಅಂಥ ವ್ಯವಸ್ಥೆ ಇಲ್ಲ.

ಡೆಕ್ಸಾ ಯಂತ್ರಕ್ಕೆ ಸಾಮಾನ್ಯವಾಗಿ ದೊಡ್ಡ ಊರಿಗೇ ಹೋಗಬೇಕು. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕಾಯಿಲೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಆದರೆ ಯಂತ್ರ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ. ಸಣ್ಣ ಪೆಟ್ಟಿಗೆ ಸೊಂಟ ಅಥವಾ ಬೆನ್ನುಮೂಳೆ ಮುರಿದಿದ್ದರೆ ಸ್ಕ್ಯಾನ್‌ಗೆ ಕಾಯದೆ ಚಿಕಿತ್ಸೆ ಶುರು ಮಾಡಬಹುದು. ಉಳಿದವರ ಅಪಾಯ ಅಂದಾಜಿಸಲು 'ಫ್ರಾಕ್ಸ್' ಎಂಬ ಉಚಿತ ಲೆಕ್ಕಾಚಾರ ಇದೆ, ವೈದ್ಯರ ಮೊಬೈಲಿನಲ್ಲೇ ಮಾಡಬಹುದು. ಉಚಿತ ಶಿಬಿರದಲ್ಲಿ ಹಿಮ್ಮಡಿ ಇಡಿಸಿ ಕೊಡುವ ಚೀಟಿ ಬರೀ ಸೂಚನೆ. ಅದನ್ನೇ ನಂಬಿ ತಿಂಗಳುಗಟ್ಟಲೆ ಮಾತ್ರೆ ಕೊಳ್ಳೋದು ಬೇಡ.

ಯಾರು ಎಚ್ಚರ ವಹಿಸಬೇಕು?

ಮುಟ್ಟು ನಿಂತವರು. ಗರ್ಭಕೋಶದ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆಸಿದವರು. ಎತ್ತರ ಒಂದೂವರೆ ಇಂಚು ಕುಗ್ಗಿದವರು. ಬೀಡಿ, ಕುಡಿತದವರು. ಕೀಲುನೋವಿಗೆ, ದಮ್ಮಿಗೆ ಅಂತ ಮೂರು ತಿಂಗಳಿಗೂ ಹೆಚ್ಚು ಕಾಲ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿರುವವರು. ಇವರು ಮಾತ್ರೆಯನ್ನು ತಾವಾಗೇ ಥಟ್ಟನೆ ನಿಲ್ಲಿಸಬಾರದು, ಅದೂ ಅಪಾಯ. ವೈದ್ಯರಿಗೆ ತೋರಿಸಬೇಕು. ಮೆಡಿಕಲ್ ಶಾಪಿನವರೂ ಚೀಟಿ ಇಲ್ಲದೆ ಇವನ್ನು ಕೊಡುವಂತಿಲ್ಲ.

ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಮೇಲೆ ಕೂರುವವರಿಗೆ ಬಿಸಿಲೇ ತಾಗಲ್ಲ. ವಿಟಮಿನ್ ಡಿ ಕೊರತೆ ಬಿಸಿಲಿನ ನಾಡಲ್ಲೂ ಇರೋದು ಇದಕ್ಕೇ. ಹಾಗಂತ 60,000 ಯೂನಿಟ್‌ನ ಪುಡಿಯನ್ನು ವೈದ್ಯರನ್ನು ಕೇಳದೆ ವಾರವಾರ ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೇ ಪೆಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದ್ದು 1,000. ಮುದ್ದೆ ಜೊತೆ ಮಜ್ಜಿಗೆ, ಸೊಪ್ಪು ಇರಲಿ.

ಏನಾಗಬೇಕು?

ದೊಡ್ಡ ಯೋಜನೆ, ಹೊಸ ಕಟ್ಟಡ ಯಾವುದೂ ಬೇಡ. 50 ದಾಟಿ, ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡು ಬಂದವರ ಹೆಸರು ಬರೆಯಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ರಿಜಿಸ್ಟರ್ ಸಾಕು. ಪಟ್ಟಿ ಬಿಚ್ಚುವ ದಿನ ಅವರ ಮೂಳೆಯ ಬಲದ ವಿಚಾರಣೆಯೂ ಆಗಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಇದನ್ನು ಕೇಳುವವರು ಬೇಕು. ಅಲ್ಲಿವರೆಗೆ, ಪಟ್ಟಿ ಬಿಚ್ಚಿಸಲು ಅಮ್ಮನನ್ನೋ ಅಜ್ಜಿಯನ್ನೋ ಕರೆದೊಯ್ದವರೇ 'ಡಾಕ್ಟ್ರೇ, ಇಷ್ಟಕ್ಕೇ ಯಾಕೆ ಮುರೀತು?' ಅಂತ ಕೇಳಲಿ.