ಘಟ್ಟ ಹತ್ತುವಾಗ ಗುಂಯ್‌ಗುಡುವ ಕಾರು: ದೋಷ ಸ್ಪೀಕರ್‌ನದೇ?

ಅನಮೋಡ: ಬೆಳಗಾವಿಯಿಂದ ಖಾನಾಪುರ, ಲೋಂಡಾ, ರಾಮನಗರ ದಾಟಿ ಗೋವಾಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 748ರಲ್ಲಿ (ಹಳೆಯ ಲೆಕ್ಕದಲ್ಲಿ 4ಎ) ಕರ್ನಾಟಕದ ಗಡಿ ಊರು ಅನಮೋಡ. ಜೊಯಿಡಾ ತಾಲ್ಲೂಕಿನ ಈ ಘಟ್ಟದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಾರುಗಳ ಸಂಚಾರ ವರ್ಷವಿಡೀ ಇದ್ದದ್ದೇ. ಇಲ್ಲಿನ ಅಬಕಾರಿ ತನಿಖಾ ಠಾಣೆಯಲ್ಲಿ ಡಿಕ್ಕಿ ತೆರೆಸಿ ನೋಡುವವರಿಗೆ ಬೇಕಾದದ್ದು ಗೋವಾದ ಬಾಟಲಿ. ಪಕ್ಕದಲ್ಲೇ ಸಬ್‌ವೂಫರ್ ಪೆಟ್ಟಿಗೆ ಇದ್ದರೆ ಅದು ಅವರ ಚಿಂತೆಯಲ್ಲ. ಆದರೆ ಆ ಪೆಟ್ಟಿಗೆಗೂ ಕಾರು ತಯಾರಿಸಿದ ಕಂಪೆನಿ ಮೊದಲೇ ಕೂರಿಸಿರುವ ಒಂದು ಅದೃಶ್ಯ ವ್ಯವಸ್ಥೆಗೂ ನಡುವೆ ಏರ್ಪಡುವ ಜಗಳ ಬಯಲಾಗಲು ಇಂತಹ ಘಟ್ಟಕ್ಕಿಂತ ಸೂಕ್ತ ಜಾಗ ಸಿಗುವುದು ಕಷ್ಟ.

ಮೇಲ್ದರ್ಜೆಯ ಕಾರುಗಳಲ್ಲಿ ಮೊದಲು ಬಂದು, ಈಗ ನಿಧಾನವಾಗಿ ಕೆಳಗಿಳಿಯುತ್ತಿರುವ ಸಕ್ರಿಯ ಶಬ್ದ ನಿವಾರಣೆಯೇ ಆ ವ್ಯವಸ್ಥೆ. ತತ್ವ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಎಂಬವರಿಗೆ ಇದಕ್ಕಾಗಿ ಅಮೆರಿಕದ ಪೇಟೆಂಟ್ ದೊರೆತದ್ದು 1936ರಲ್ಲಿ. ಶಬ್ದದ ಅಲೆ ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಇನ್ನೊಂದು ಅಲೆಯನ್ನು ಹುಟ್ಟಿಸಿದರೆ ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಕಾರಿನ ಛಾವಣಿಯಲ್ಲಿ ಅಡಗಿರುವ ಮೈಕ್‌ಗಳು ಒಳಗಿನ ಸದ್ದನ್ನು ಆಲಿಸುತ್ತವೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಮಾಹಿತಿಯೂ ಬರುತ್ತದೆ. ಎರಡನ್ನೂ ಲೆಕ್ಕ ಹಾಕುವ ಚಿಪ್, ಪ್ರತಿಶಬ್ದವನ್ನು ಬಾಗಿಲಿನ ಸ್ಪೀಕರ್‌ಗಳ ಮೂಲಕವೇ ಹೊರಡಿಸುತ್ತದೆ. ಅಂದರೆ ಹಾಡು ಕೇಳುವ ಸ್ಪೀಕರ್‌ಗಳೇ ಎಂಜಿನ್ ಸದ್ದನ್ನು ಅಡಗಿಸುವ ಕೆಲಸವನ್ನೂ ಮಾಡುತ್ತಿರುತ್ತವೆ. ಕಾರಿನ ಮಾಲೀಕರಲ್ಲಿ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ.

ಕಂಪೆನಿಗಳಿಗೆ ಇದು ಬರಿಯ ಐಷಾರಾಮವಲ್ಲ, ಇಂಧನ ಉಳಿತಾಯದ ಸಾಧನವೂ ಹೌದು. ಹೋಂಡಾ 2005ರ ಮಾದರಿಯ ಅಕಾರ್ಡ್ ಹೈಬ್ರಿಡ್‌ನಲ್ಲಿ ಹಗುರ ಓಟದ ವೇಳೆ ಆರರ ಪೈಕಿ ಮೂರು ಸಿಲಿಂಡರ್‌ಗಳನ್ನು ನಿದ್ರೆಗೆ ದೂಡಿತು. ಅದರಿಂದ ಹುಟ್ಟುವ ಗುಮ್ಮೆನ್ನುವ ಸದ್ದನ್ನು ಮುಚ್ಚಲು ಶಬ್ದ ನಿವಾರಣೆ ಅನಿವಾರ್ಯವಾಯಿತು. ಜನರಲ್ ಮೋಟಾರ್ಸ್ 2010ರ ಜಿಎಂಸಿ ಟೆರೈನ್‌ನಲ್ಲಿ ಎಂಜಿನ್ನನ್ನು ಕಡಿಮೆ ಸುತ್ತಿನಲ್ಲಿ ಓಡಿಸಲು ಇದೇ ಉಪಾಯ ಹೂಡಿತು.

ಸಮಸ್ಯೆ ಶುರುವಾಗುವುದು ಮಾಲೀಕರು ಆಡಿಯೊ ಬದಲಿಸಿದಾಗ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಬಿಡಿಭಾಗದ ಅಂಗಡಿಗಳವರೆಗೆ ಆಂಪ್ಲಿಫೈಯರ್ ಮಾರಾಟವಾಗುವುದು ವ್ಯಾಟ್ ಲೆಕ್ಕದಲ್ಲಿ. ಶಬ್ದ ನಿವಾರಣೆಯ ಚಿಪ್ಪಿಗೆ ವ್ಯಾಟ್ ಮುಖ್ಯವಲ್ಲ. ಸ್ಪೀಕರ್‌ನಿಂದ ಹೊರಟ ಸದ್ದು ಮೈಕನ್ನು ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ತಲುಪುತ್ತದೆ ಎಂಬುದರ ಒಂದು ನಕ್ಷೆ ಅದರ ನೆನಪಿನಲ್ಲಿ ಇರುತ್ತದೆ. ಕಾರ್ಖಾನೆಯಲ್ಲಿ ಅಳೆದು ತುಂಬಿದ ಆ ನಕ್ಷೆ ಮೂಲ ಸ್ಪೀಕರ್‌ಗಳಿಗೆ ಸಂಬಂಧಿಸಿದ್ದು. ಸ್ಪೀಕರ್ ಬದಲಾದರೂ ಚಿಪ್ ಹಳೆಯ ನಕ್ಷೆಯನ್ನೇ ನಂಬಿ ನಡೆಯುತ್ತದೆ.

ಇಲ್ಲಿ ಸ್ವಲ್ಪ ಗಣಿತ ಅಗತ್ಯ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುತ್ತದೆ. ನಿಮಿಷಕ್ಕೆ 1500 ಸುತ್ತು ಇದ್ದಾಗ ಅದರ ಮುಖ್ಯ ಸದ್ದು 50 ಹರ್ಟ್ಸ್, 3000 ಸುತ್ತಿಗೆ 100 ಹರ್ಟ್ಸ್. ಸಬ್‌ವೂಫರ್ ಮೆರೆಯುವುದೂ ಇದೇ ವ್ಯಾಪ್ತಿಯಲ್ಲಿ. ಈಗ ಹೊಸ ಸಂಸ್ಕರಣಾ ಪೆಟ್ಟಿಗೆಯೊಂದು ಎಲ್ಲ ಸ್ಪೀಕರ್‌ಗಳ ಸದ್ದು ಕಿವಿಗೆ ಒಟ್ಟಿಗೆ ತಲುಪಲೆಂದು ಕೇವಲ 5 ಮಿಲಿಸೆಕೆಂಡ್ ವಿಳಂಬ ಸೇರಿಸಿತೆಂದುಕೊಳ್ಳಿ. 100 ಹರ್ಟ್ಸ್ ಅಲೆಯ ಒಂದು ಆವರ್ತಕ್ಕೆ ಬೇಕಾಗುವುದು 10 ಮಿಲಿಸೆಕೆಂಡ್. ಅಲ್ಲಿಗೆ ವಿಳಂಬ ಸರಿಯಾಗಿ ಅರ್ಧ ಆವರ್ತವಾಯಿತು. ಅಳಿಸಬೇಕಾದ ಅಲೆ ಕೂಡಿಕೊಳ್ಳುವ ಅಲೆಯಾಗುತ್ತದೆ. ಕೆಂಪು, ಕಪ್ಪು ತಂತಿಗಳು ಅದಲುಬದಲಾದರೂ ಇದೇ ಗತಿ. ಎರಡು ಸಮಬಲದ ಅಲೆಗಳು ಕೂಡಿದರೆ ಸದ್ದು 6 ಡೆಸಿಬೆಲ್ ಏರುತ್ತದೆ.

ಅಷ್ಟಕ್ಕೇ ನಿಂತರೆ ಸಹಿಸಬಹುದಿತ್ತು. ಚಿಪ್ ಪ್ರತಿ ಕ್ಷಣ ತನ್ನನ್ನು ತಾನೇ ತಿದ್ದಿಕೊಳ್ಳುವ ಜಾತಿಯದು. ನಕ್ಷೆಗೂ ವಾಸ್ತವಕ್ಕೂ ಅಂತರ ಕಾಲು ಆವರ್ತ ಮೀರಿದರೆ ಅದರ ತಿದ್ದುಪಡಿಯೇ ತಪ್ಪು ದಿಕ್ಕಿಗೆ ಹೊರಳುತ್ತದೆ: ಸದ್ದು ಹೆಚ್ಚಿತೆಂದು ಇನ್ನಷ್ಟು ಪ್ರತಿಶಬ್ದ ಸುರಿಯುತ್ತದೆ, ಅದರಿಂದ ಸದ್ದು ಮತ್ತಷ್ಟು ಹೆಚ್ಚುತ್ತದೆ. ಹೊಸ ಆಂಪ್ಲಿಫೈಯರ್‌ನ ಬಲ ಅದಕ್ಕೆ ಬೆಂಬಲ ಕೊಡುತ್ತದೆ. ಕಾರಿನೊಳಗೆ ಕಿವಿ ಒತ್ತುವಂತಹ ಗುಂಯ್‌ಕಾರ ಏಳುವುದು ಹೀಗೆ. ಹಾಡು ನಿಲ್ಲಿಸಿದರೂ ಅದು ನಿಲ್ಲದಿರುವುದುಂಟು, ಏಕೆಂದರೆ ಅನೇಕ ಕಾರುಗಳಲ್ಲಿ ಆಡಿಯೊ ಬಂದ್ ಮಾಡಿದರೂ ಶಬ್ದ ನಿವಾರಣೆ ಬಂದ್ ಆಗುವುದಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಒಂದೇ ವೇಗದಲ್ಲಿ ಓಡುವಾಗ ಈ ತೊಂದರೆ ಕಾಣಿಸದೆ ಉಳಿಯಬಹುದು. ಗೋವಾದ ಮೊಲೆಂನಿಂದ ಅನಮೋಡಕ್ಕೆ ಹತ್ತುವಾಗ ಹಾಗಲ್ಲ. ತಿರುವಿಗೊಮ್ಮೆ ಗೇರ್ ಇಳಿಯುತ್ತದೆ, ಸುತ್ತು 1500ರಿಂದ 3000ಕ್ಕೆ ಜಿಗಿಯುತ್ತದೆ, ಮತ್ತೆ ಬೀಳುತ್ತದೆ. ಎಂಜಿನ್ ಸದ್ದು ಸಬ್‌ವೂಫರ್‌ನ ಇಡೀ ವ್ಯಾಪ್ತಿಯನ್ನು ಮತ್ತೆ ಮತ್ತೆ ಸವರಿಕೊಂಡು ಹೋಗುತ್ತದೆ. ಎದುರಿಗೆ ಲಾರಿ ಬರುತ್ತಿರುವ ಕುರುಡು ತಿರುವಿನಲ್ಲಿ ಹಠಾತ್ತನೆ ಎದ್ದ ಸದ್ದಿಗೆ ಚಾಲಕ ಬೆಚ್ಚಿದರೆ ಅದನ್ನು ಬರಿಯ ಶೋಕಿಯ ಸಮಸ್ಯೆ ಎನ್ನಲಾಗದು. ಅಂಗಡಿಯ ಮುಂದೆ ನಿಂತ ಕಾರಿನಲ್ಲಿ ಹಾಡು ಹಾಕಿ ತೋರಿಸಿ ಕೀಲಿ ಒಪ್ಪಿಸುವ ಪದ್ಧತಿಯಿಂದ ಈ ದೋಷ ಪತ್ತೆಯಾಗುವುದೇ ಇಲ್ಲ.

ಪರಿಹಾರ ಇಲ್ಲವೆಂದಲ್ಲ. ಸುಲಭದ ದಾರಿಯೆಂದರೆ ಶಬ್ದ ನಿವಾರಣೆಯ ಮೈಕ್‌ಗಳನ್ನೋ ಅದರ ಘಟಕವನ್ನೋ ಕಳಚಿಬಿಡುವುದು. ಗುಂಯ್‌ಕಾರ ನಿಲ್ಲುತ್ತದೆ, ಆದರೆ ಕಂಪೆನಿ ಮುಚ್ಚಿಟ್ಟಿದ್ದ ಎಂಜಿನ್ ಸದ್ದು ಮರಳಿ ಬರುತ್ತದೆ. ಹಣ ಕೊಟ್ಟು ಕೊಂಡ ಒಂದು ಸೌಲಭ್ಯವನ್ನು ಮತ್ತೊಂದಕ್ಕಾಗಿ ಎಸೆದಂತೆ. ಮೂಲ ಸ್ಪೀಕರ್‌ಗಳನ್ನು ಮುಟ್ಟದೆ ಪ್ರತಿಶಬ್ದಕ್ಕೇ ಬಿಟ್ಟು, ಹೊಸ ಸ್ಪೀಕರ್‌ಗಳಿಗೆ ಹಾಡನ್ನು ಪ್ರತ್ಯೇಕ ದಾರಿಯಲ್ಲಿ ಕೊಡುವುದು ಇದಕ್ಕಿಂತ ವಾಸಿ. ಇದಕ್ಕೆ ವೈರಿಂಗ್ ನಕ್ಷೆ ಬೇಕು, ಅಳೆಯುವ ಮೈಕ್ ಬೇಕು, ಸಮಯವೂ ಬೇಕು.

ಮುಂದಿನ ದಿನಗಳಲ್ಲಿ ಕೆಲಸ ಇನ್ನೂ ಜಟಿಲ. ಹುಂಡೈ 2019ರಲ್ಲಿ ಪ್ರಕಟಿಸಿದ ವ್ಯವಸ್ಥೆ ಎಂಜಿನ್ ಸದ್ದಿಗೆ ನಿಲ್ಲದೆ ಟಯರ್‌ನಿಂದ ಬರುವ ರಸ್ತೆಯ ಸದ್ದನ್ನೂ 3 ಡೆಸಿಬೆಲ್‌ನಷ್ಟು ತಗ್ಗಿಸುವುದಾಗಿ ಹೇಳಿತ್ತು. ಎಂಜಿನ್ ಸದ್ದೇ ಇಲ್ಲದ ವಿದ್ಯುತ್ ಕಾರುಗಳಲ್ಲಿ ರಸ್ತೆಯ ಸದ್ದೇ ದೊಡ್ಡದಾಗಿ ಕೇಳುವುದರಿಂದ ಇದಕ್ಕೆ ಬೇಡಿಕೆ ಸಹಜ. ತಾಮ್ರದ ತಂತಿಯಲ್ಲಿ ನೇರವಾಗಿ ಹರಿಯುತ್ತಿದ್ದ ಹಾಡು ಕೂಡ ಈಗ ಅನೇಕ ಕಾರುಗಳಲ್ಲಿ ಅಂಕಿಗಳ ರೂಪದಲ್ಲಿ ಸಾಗುತ್ತದೆ. ತಂತಿ ಕತ್ತರಿಸಿ ಗಂಟು ಹಾಕುವ ಕಾಲ ಮುಗಿಯುತ್ತ ಬಂದಿದೆ. ಕಾರಿನ ಆಡಿಯೊ ತಂತ್ರಜ್ಞಾನದ ದೊಡ್ಡ ಕಂಪೆನಿ ಹರ್ಮನ್‌ನ ಎಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲೇ ಇದೆ, ಆದರೆ ಆ ಜ್ಞಾನ ಸ್ಥಳೀಯ ಮೆಕ್ಯಾನಿಕ್‌ವರೆಗೆ ಇಳಿದುಬರುವ ದಾರಿ ಕಾಣುತ್ತಿಲ್ಲ.

ಕಾನೂನಿನ ಕಡೆ ನೋಡಿದರೆ ಚಿತ್ರ ಅರೆಬರೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ನಿರ್ಬಂಧಿಸುವುದು ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ಮಾರ್ಪಾಡುಗಳನ್ನು. ಸ್ಪೀಕರ್ ಬದಲಾವಣೆಯನ್ನು ಆ ಸಾಲಿಗೆ ಸೇರಿಸುವುದು ಕಷ್ಟ. ನಿಜವಾದ ತಕರಾರು ವಾರಂಟಿಯದು. ಹೊರಗಿನವರು ತಂತಿ ಮುಟ್ಟಿದರೆಂದು ಇಡೀ ವಾರಂಟಿ ರದ್ದಾಗಬೇಕೇ? ಹೋಂಡಾ ಸೇರಿದಂತೆ 14 ಕಾರು ಕಂಪೆನಿಗಳ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ನೀಡಿದ ಆದೇಶ ಇಲ್ಲಿ ನೆನಪಿಗೆ ಬರುತ್ತದೆ. ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದ್ದ ಆಯೋಗ, ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂಬ ಷರತ್ತು ಸಲ್ಲದು, ತಪ್ಪು ದುರಸ್ತಿಯಿಂದ ಹಾನಿಯಾದಷ್ಟಕ್ಕೆ ಮಾತ್ರ ಅದನ್ನು ನಿರಾಕರಿಸಬಹುದು ಎಂದಿತ್ತು. ಆದೇಶ ಆನಂತರ ಮೇಲ್ಮನವಿಗಳನ್ನು ಕಂಡಿತು. ಅದರ ವಿಷಯವೂ ಬಿಡಿಭಾಗ ಮತ್ತು ದುರಸ್ತಿ, ಆಡಿಯೊ ಅಲಂಕಾರವಲ್ಲ. ಆದರೂ ಹಾನಿಗೂ ಕಾರಣಕ್ಕೂ ನಂಟು ತೋರಿಸಬೇಕೆಂಬ ಅದರ ತರ್ಕವನ್ನು ಇಲ್ಲಿಗೂ ಅನ್ವಯಿಸಿ ವಾದಿಸಲು ಅವಕಾಶವಿದೆ. ಅಂಗಡಿಯವರ ಕೆಲಸದಲ್ಲಿ ಲೋಪವಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಆಯೋಗದ ಬಾಗಿಲು ತಟ್ಟಬಹುದು. ಅದಕ್ಕೆ ಕೈಯಲ್ಲಿ ಬಿಲ್ ಇರಬೇಕು, ಬಿಲ್‌ನಲ್ಲಿ ಯಾವ ತಂತಿಗೆ ಏನು ಜೋಡಿಸಲಾಯಿತು ಎಂಬ ವಿವರವಿರಬೇಕು. ‘ಆಂಪ್ ಫಿಟ್ಟಿಂಗ್’ ಎಂದಷ್ಟೇ ಬರೆದ ಚೀಟಿಯಿಂದ ಏನನ್ನೂ ಸಾಬೀತುಪಡಿಸುವುದು ಸುಲಭವಲ್ಲ.

ದುರಸ್ತಿಗೆ ಬೇಕಾದ ತಪಾಸಣಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಅದೇ 2014ರ ಆದೇಶ ಹೇಳಿತ್ತು. ಶಬ್ದ ನಿವಾರಣೆಯ ಮೈಕ್ ಎಲ್ಲಿದೆ, ಅದರ ತಂತಿ ಎತ್ತ ಹೋಗುತ್ತದೆ ಎಂಬ ಒಂದು ಪುಟದ ನಕ್ಷೆಯನ್ನು ಕಂಪೆನಿಗಳು ಮಾಲೀಕರ ಕೈಪಿಡಿಯಲ್ಲೇ ಮುದ್ರಿಸಿದರೆ ಈ ತಕರಾರುಗಳಲ್ಲಿ ಅರ್ಧದಷ್ಟು ಅಂಗಡಿಯಲ್ಲೇ ಬಗೆಹರಿದಾವು.