ಆಗಸ್ಟ್ ಮಳೆಯಲ್ಲಿ ಲೆಕ್ಕ ಕೇಳುವವರು

ಜಿಲ್ಲಾ ಪಂಚಾಯಿತಿಯ ಸ್ಥಾಯಿ ಸಮಿತಿಗಳು ಎಷ್ಟು? ಐದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನು ಕೇಳಿದರೂ ನಿದ್ದೆಗಣ್ಣಲ್ಲೂ ಹೇಳುತ್ತಾರೆ: ಸಾಮಾನ್ಯ ಸ್ಥಾಯಿ ಸಮಿತಿ, ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಶಿಕ್ಷಣ ಮತ್ತು ಆರೋಗ್ಯ ಸಮಿತಿ, ಕೃಷಿ ಮತ್ತು ಕೈಗಾರಿಕಾ ಸಮಿತಿ. ಪಿಡಿಒ ಪರೀಕ್ಷೆಗೆಂದು ನಾನೂ ಇದನ್ನು ಉರು ಹೊಡೆದವನೇ. ಆದರೆ ಈ ಐದು ಸಮಿತಿಗಳಲ್ಲಿ ಈಗ, 2025ರಲ್ಲಿ, ಎಷ್ಟು ಜನ ಸದಸ್ಯರಿದ್ದಾರೆ ಎಂದು ಯಾವ ಗೈಡೂ ಕೇಳುವುದಿಲ್ಲ. ಉತ್ತರ ಸೊನ್ನೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ರಾಜ್ಯದಲ್ಲಿ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎನ್ನುವ ಸಂವಿಧಾನದ 243ಇ ವಿಧಿಯೂ ನಮಗೆ ಕಂಠಪಾಠವೇ. ಅಂದು ಮೊದಲ ಬಾರಿ ಮತ ಹಾಕಿದ ಅತಿ ಕಿರಿಯರಿಗೂ ಈಗ 27 ದಾಟಿದೆ. ಅಂದರೆ ಈ ಪುಟ ಓದುವ ಬಹುಪಾಲು ಮಂದಿ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿಲ್ಲ. 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ, ಅಬ್ದುಲ್ ನಜೀರ್‌ಸಾಬ್ ಅವರ ರಾಜ್ಯ ಇದು.

ಸದಸ್ಯರಿಲ್ಲದಿದ್ದರೆ ಏನಾಯಿತು, ಆಡಳಿತಾಧಿಕಾರಿ ಇದ್ದಾರಲ್ಲ, ಕೆಲಸ ನಡೆಯುತ್ತಿದೆಯಲ್ಲ ಎಂದು ಗೆಳೆಯನೊಬ್ಬ ವಾದಿಸಿದ. ಕೆಲಸ ನಡೆಯುತ್ತಿದೆ, ನಿಜ. ನನ್ನ ತಕರಾರು ಬೇರೆ. ನಮ್ಮ ಕಡೆಯ ಆಸ್ಪತ್ರೆಯಲ್ಲಿ ಔಷಧಿ ಏಕಿಲ್ಲ, ಶಾಲೆಯ ಹೆಂಚು ಹಾರಿಹೋಗಿ ಎಷ್ಟು ದಿನವಾಯಿತು ಎಂದು ಅಧಿಕಾರಿಯನ್ನು ಎದುರು ಕೂರಿಸಿಕೊಂಡು, ಕಡತ ತರಿಸಿ ಕೇಳುವ ಜಾಗವೇ ಸ್ಥಾಯಿ ಸಮಿತಿ. ಈಗ ಖರ್ಚು ಮಾಡುವವರೂ ಅಧಿಕಾರಿಗಳೇ, ಖರ್ಚು ಸರಿಯೇ ಎಂದು ನೋಡುವವರೂ ಅಧಿಕಾರಿಗಳೇ. ಉಸ್ತುವಾರಿ ಸಚಿವರ ಕೆಡಿಪಿ ಸಭೆ ಇದೆ ಎನ್ನಬಹುದು. ಇಡೀ ಜಿಲ್ಲೆಯ ಎಲ್ಲ ಇಲಾಖೆಗಳನ್ನು ಒಂದು ದಿನದಲ್ಲಿ ಮುಗಿಸುವ ಆ ಸಭೆಯಲ್ಲಿ ಬಾಳೂರಿನ ಸರದಿ ಬರುವ ಹೊತ್ತಿಗೆ ಊಟದ ಸಮಯ ಆಗಿರುತ್ತದೆ.

2019ರ ಆಗಸ್ಟ್‌ನಲ್ಲಿ ನಮ್ಮ ಸುತ್ತಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಹೋದವು. ಗುಡ್ಡ ಕುಸಿಯಲು ಒಂದು ದಿನ ಸಾಕು. ರಸ್ತೆ, ಸೇತುವೆ, ಮನೆ ಮತ್ತೆ ಆಗಲು ವರ್ಷಗಳೇ ಬೇಕು. ಆ ವರ್ಷಗಳಲ್ಲಿ ಹೆಚ್ಚಿನವು ಸಮಿತಿಗಳಿಲ್ಲದ ವರ್ಷಗಳು.

ಹಾಗೆಂದು ಸಮಿತಿ ಇದ್ದಾಗ ಎಲ್ಲ ಸರಿಯಿತ್ತು ಎಂದು ನಾನು ನಂಬುವುದಿಲ್ಲ. ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿಗೆ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರೇ ಅಧ್ಯಕ್ಷರು. ಅಡುಗೆ ಮಾಡಿದವರೇ ರುಚಿ ಹೇಳಿದ ಹಾಗೆ. ಇಂಗ್ಲೆಂಡಿನಲ್ಲಿ 2000ದ ಸ್ಥಳೀಯ ಸರ್ಕಾರ ಕಾಯ್ದೆ ಕೌನ್ಸಿಲುಗಳಲ್ಲಿ ಪರಿಶೀಲನಾ ಸಮಿತಿಗಳನ್ನು ತಂದಾಗ, ಆಡಳಿತ ನಡೆಸುವ ತಂಡದ ಸದಸ್ಯರು ಅದರಲ್ಲಿ ಕೂರುವಂತಿಲ್ಲ ಎಂದೇ ಬರೆಯಿತು. ಚುನಾವಣೆಯ ಜೊತೆಗೆ ನಾವು ಕೇಳಬೇಕಾದ ತಿದ್ದುಪಡಿ ಇದು.

ಅಲ್ಲಿಯವರೆಗೆ ನಮ್ಮ ಕೈಗೆಟಕುವುದು ಗ್ರಾಮ ಪಂಚಾಯಿತಿಯ ಜಮಾಬಂದಿ. ಹೆಸರಿಗೆ ಬ್ರಿಟಿಷರ ಕಾಲದ ಕಂದಾಯದ ವಾಸನೆ ಇದೆ, ನಿಜ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುತ್ತದೆ. ಮೇಲಿನ ಹಂತದ ಅಧಿಕಾರಿಯ ತಂಡ ಬಂದು ಹಿಂದಿನ ವರ್ಷದ ಜಮಾ ಖರ್ಚು, ತೆರಿಗೆ ವಸೂಲಿ, ಕಾಮಗಾರಿಗಳನ್ನು ಜನರ ಎದುರೇ ನೋಡುತ್ತದೆ. ಈ ದಿನಾಂಕ ಬಯಲುಸೀಮೆಯವರನ್ನು ನೋಡಿ ಇಟ್ಟದ್ದಿರಬೇಕು. ಇಲ್ಲಿ ಅದು ಕಂಬಳಿ ಕೊಪ್ಪೆಯ ಕಾಲ. ಲೈನ್ ಮನೆಗಳವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ನಮ್ಮಂಥವರು ಮಂಗಳೂರು, ಬೆಂಗಳೂರುಗಳ ಕೋಚಿಂಗ್ ಸೆಂಟರಿನಲ್ಲಿ ಇರುತ್ತೇವೆ. ಆದರೂ ಒಂದು ಅನುಕೂಲವಿದೆ: ಮಾರ್ಚ್‌ನಲ್ಲಿ ಕಟ್ಟಿದ ಮೋರಿ, ತಡೆಗೋಡೆಗಳ ಯೋಗ್ಯತೆ ಆಗಸ್ಟ್ ಮಳೆಯಲ್ಲಿ ತಾನಾಗಿ ಗೊತ್ತಾಗುತ್ತದೆ.

ಕಳೆದ ವರ್ಷ ನಾನು ಒಂದು ಜಮಾಬಂದಿಗೆ ಹೋಗಿದ್ದೆ. ಹಾಜರಿದ್ದ ಊರಿನವರು ಇಪ್ಪತ್ತು ಜನವೂ ಇರಲಿಲ್ಲ. ಕಾಮಗಾರಿ ಪಟ್ಟಿ ಓದುವಾಗ ತೋಟದ ಕೆಲಸದ ಹೆಂಗಸೊಬ್ಬರು ಎದ್ದು, ‘ಎರಡು ಮೋರಿ ಅಂತ ಓದಿದ್ರಲ್ಲ ಸಾರ್, ನಮ್ಮ ದಾರೀಲಿ ಇರೋದು ಒಂದೇ’ ಎಂದರು. ಯಾರೋ ನಕ್ಕರು. ತಂಡದ ಅಧಿಕಾರಿ ನಗಲಿಲ್ಲ, ಅಳತೆ ಪುಸ್ತಕ ಹಿಡಿದು, ಕೊಡೆ ಬಿಡಿಸಿ ಹೊರಟೇಬಿಟ್ಟರು. ಜಿಗಣೆ ಕೀಳುತ್ತಾ ನಾವೂ ಹಿಂದೆ ಹೋದೆವು. ಎರಡನೇ ಮೋರಿ ಇತ್ತು. ಮೇಲಿನ ಬರೆ ಜಾರಿ ಮಣ್ಣಿನೊಳಗೆ ಪೂರ್ತಿ ಹೂತು ಹೋಗಿತ್ತು. ಬಿಲ್ಲು ಸುಳ್ಳಾಗಿರಲಿಲ್ಲ, ಆದರೆ ನೀರು ಮಾತ್ರ ರಸ್ತೆಯ ಮೇಲೇ ಹರಿಯುತ್ತಿತ್ತು. ಮಳೆಗೆ ಮುಂಚೆ ಮೋರಿ ಬಿಡಿಸಲು ಹಣ ಇಡಬೇಕು ಎಂದು ವರದಿಯಲ್ಲಿ ಬರೆದುಕೊಂಡರು. ಕಳ್ಳ ಸಿಕ್ಕಲಿಲ್ಲ ಎಂದು ಜೊತೆಯಲ್ಲಿದ್ದ ಹುಡುಗರಿಗೆ ನಿರಾಸೆ. ನನಗೆ ಹಾಗನ್ನಿಸಲಿಲ್ಲ. ಆ ದಾರಿಯಲ್ಲಿ ದಿನಾ ನಡೆಯುವವರು ಕೇಳದಿದ್ದರೆ ಆ ಸಾಲು ವರದಿಗೆ ಬರುತ್ತಲೇ ಇರಲಿಲ್ಲ.

ಬಿ.ಕಾಂ. ಓದಿದವರಿಗೆ ನಗದು ಪುಸ್ತಕ ಹೊಸದೇನಲ್ಲ. ಡಿಪ್ಲೊಮಾ ಸಿವಿಲ್ ಮಾಡಿದವರಿಗೆ ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಓದಲು ಅರ್ಧ ಗಂಟೆ ಸಾಕು. ತೆರಿಗೆಯ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯಲ್ಲಿ ಊರಿನ ಹೊಸ ಹೋಂಸ್ಟೇಗಳೆಲ್ಲ ಇವೆಯೇ ಎಂದು ನೋಡಲು ಯಾವ ಪದವಿಯೂ ಬೇಡ. ಪರೀಕ್ಷೆಗೆ ಓದುವವರು ನೋಟ್ಸ್ ಜೊತೆಗೇ ಹೋಗಬಹುದು, ಪಂಚಾಯತ್ ರಾಜ್ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಪುನರಾವರ್ತನೆ ಇಲ್ಲ. ಜುಲೈ ಕೊನೆಯಲ್ಲೇ ಪಂಚಾಯಿತಿ ಕಚೇರಿಗೆ ಹೋಗಿ ಯಾವ ದಿನ ಎಂದು ವಿಚಾರಿಸಿ, ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಕಳೆದ ವರ್ಷದ ಜಮಾಬಂದಿ ವರದಿ: ಅದರಲ್ಲಿ ಬರೆದ ಲೋಪಗಳಲ್ಲಿ ಎಷ್ಟು ಸರಿಯಾಗಿವೆ?