ಕೈತೋಟಕ್ಕೆ ಕೇಪಳ ಬೇಕು

ನಮ್ಮ ಶಾಲೆಯ ಕೈತೋಟದಲ್ಲಿ ಕ್ರೋಟನ್ ಉಂಟು, ದಾಸವಾಳ ಉಂಟು, ನರ್ಸರಿಯಿಂದ ತಂದ ಗಿಡ್ಡ ಹೂಗಿಡಗಳೂ ಉಂಟು. ಕೇಪಳ ಮಾತ್ರ ಇಲ್ಲ. ಬಾವಿಕಟ್ಟೆಯ ಹತ್ತಿರ ಖಾಲಿ ಇರುವ ಜಾಗಕ್ಕೆ ಈ ಮಳೆಗಾಲದಲ್ಲಿ ಇನ್ನಷ್ಟು ಕ್ರೋಟನ್ ತರುವ ಮಾತು ನಡೆದಿದೆ. ಅಲ್ಲಿ ಕೇಪಳವನ್ನೇ ನೆಡಬೇಕೆಂದು ನನ್ನ ಅಭಿಪ್ರಾಯ.

ಹೀಗೆ ಹೇಳಿದರೆ ಗೆಳೆಯರು ನಗಾಡ್ತಾರೆ. "ಗುಡ್ಡೆ ತುಂಬ ಉಂಟಲ್ಲ ಮಾರಾಯ, ತೋಟದಲ್ಲಿ ಯಾಕೆ?" ಅಂತ ಕೇಳ್ತಾರೆ. ಗುಡ್ಡೆ ತುಂಬ ಇದ್ದದ್ದು ಹೌದು. ಈಗ ಹೋಗಿ ನೋಡಿ. ಒಂದು ಬದಿ ಕೆಂಪುಕಲ್ಲಿನ ಕೋರೆ, ಇನ್ನೊಂದು ಬದಿ ರಬ್ಬರ್. ಹೋದ ವರ್ಷ ನಮ್ಮ ಮನೆಯ ದೈವದ ತಂಬಿಲಕ್ಕೆ ಕೇಪಳ ಹೂ ಹುಡುಕಿಕೊಂಡು ದೊಡ್ಡಪ್ಪ ಪಕ್ಕದ ಊರಿಗೆ ಹೋಗಬೇಕಾಯಿತು!

ಕ್ರೋಟನ್ ಇಂಡೋನೇಷ್ಯಾ ಕಡೆಯ ಗಿಡ. ಎಲೆ ಚಂದ, ಸುಳ್ಳಲ್ಲ. ಆದರೆ ಅದಕ್ಕೆ ಚಿಟ್ಟೆ ಬರುವುದನ್ನು ನಾನು ನೋಡಿಲ್ಲ. ಕೇಪಳದ ಹೂವಿಗೆ ಸಪೂರ ಉದ್ದ ಕೊಳವೆ, ತಳದಲ್ಲಿ ಜೇನು. ಉದ್ದ ಸೊಂಡಿಲಿನ ಚಿಟ್ಟೆಗಳಿಗೆ ಅದು ಹೇಳಿ ಮಾಡಿಸಿದ ಹಾಗೆ. ಹಣ್ಣು ನಮಗೂ ಆಗ್ತದೆ, ಪಿಕಳಾರ ಹಕ್ಕಿಗೂ ಆಗ್ತದೆ. ಹೂವಿನ ತಂಬುಳಿ ಉಂಡವರಿಗೆ ಅದರ ರುಚಿ ನಾನು ಹೇಳಬೇಕಾಗಿಲ್ಲ. ಇದು ಕಾಫಿಯ ಕುಟುಂಬದ ಗಿಡ ಎಂದರೆ ಎಷ್ಟು ಜನ ನಂಬ್ತೀರಿ? ಇದರ ವೈಜ್ಞಾನಿಕ ಹೆಸರು ಇಕ್ಸೋರಾ ಕೊಕ್ಸಿನಿಯಾ. 'ಈಶ್ವರ' ಎಂಬುದೇ ಪೋರ್ಚುಗೀಸರ ಬಾಯಲ್ಲಿ 'ಇಕ್ಸೋರಾ' ಆದದ್ದಂತೆ.

ಕೇಪಳ ನಿಧಾನ ಬೆಳೆಯುತ್ತದೆ, ಒಪ್ಪಿದೆ. ಈಗ ಏಳನೆಯಲ್ಲಿ ಇರುವವರು ಬೀಜ ಹಾಕಿದರೆ ಹೂ ನೋಡುವುದು ಈಗ ಒಂದನೆಯಲ್ಲಿ ಇರುವ ಮಕ್ಕಳು. ಬೇಗ ಬೇಕಾದರೆ ಮಳೆ ಹಿಡಿದ ಮೇಲೆ ಬಲಿತ ಗೆಲ್ಲಿನಿಂದ ಗೇಣುದ್ದದ ಕಡ್ಡಿ ಕಡಿದು ನೆಡಬಹುದು. ಗುಡ್ಡೆಯಿಂದ ಗಿಡವನ್ನೇ ಕಿತ್ತು ತರುವುದು ಮಾತ್ರ ಬೇಡ. ಬೇರು ಕಲ್ಲಿನ ಸಂದಿಯಲ್ಲಿ ಇರುತ್ತದೆ, ಎಳೆದರೆ ತುಂಡಾಗ್ತದೆ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂದಾದೀತು.

ಹೊಸ ಸಿಮೆಂಟು ಗೋಡೆಯ ಬುಡವೂ ಬೇಡ. ಕೇಪಳಕ್ಕೆ ಹುಳಿ ಮಣ್ಣು ಬೇಕು, ನಮ್ಮ ಕೆಂಪು ಮಣ್ಣು ಅಂಥದ್ದೇ. ಸುಣ್ಣದ ಅಂಶ ಹೆಚ್ಚಾದರೆ ಬೇರಿಗೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಬಾವಿಕಟ್ಟೆಯಿಂದ ನಾಲ್ಕು ಹೆಜ್ಜೆ ದೂರ ಗುಂಡಿ ತೆಗೆದರೆ ಸಾಕು.

ಇನ್ನು ಕೇಪಳ ಹಣ್ಣು ತಿಂದವರು ಬೀಜವನ್ನು ದಾರಿಯಲ್ಲಿ ಉಗಿಯಬೇಡಿ. ತೊಳೆದು, ಕಾಗದದಲ್ಲಿ ಕಟ್ಟಿ, ತೋಟದ ನಾಯಕನ ಕೈಯಲ್ಲಿ ಕೊಡಿ. ಮರಳು ತುಂಬಿದ ತೆಂಗಿನ ಚಿಪ್ಪುಗಳನ್ನು ನಾನು ಬಾವಿಯ ಹತ್ತಿರ ಇಟ್ಟಿದ್ದೇನೆ.